ಹಳೆಯ ಡೀಸೆಲ್ ಕಾರುಗಳ ಡಿಫರೆನ್ಷಿಯಲ್: ಅನುಪಾತ ಗುರುತಿಸುವಿಕೆ ಮತ್ತು ಬದಲಾವಣೆ

ಹಳೆಯ ಡೀಸೆಲ್ ಕಾರುಗಳ ಮಾಲೀಕರಲ್ಲಿಯೂ ಬಿಡಿಭಾಗಗಳ ವ್ಯಾಪಾರಿಗಳಲ್ಲಿಯೂ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಹಿಂಬದಿಯ ಡಿಫರೆನ್ಷಿಯಲ್ ಬದಲಿಸಿದರೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಮೈಲೇಜ್ ಏರುತ್ತದೆ ಎಂಬುದು ಆ ನಂಬಿಕೆ. ಇದು ಅರ್ಧ ಸತ್ಯ. ಈ ಬದಲಾವಣೆಯಲ್ಲಿ ಒಂದೆಡೆ ದೊರೆಯುವ ಅನುಕೂಲಕ್ಕೆ ಇನ್ನೊಂದೆಡೆ ಬೆಲೆ ತೆರಲೇಬೇಕು. ಲೆಕ್ಕ ಹಾಕದೆ ಹಣ ಹೂಡಿದವರು ಶಕ್ತಿಗುಂದಿದ ವಾಹನವನ್ನೂ ತಪ್ಪು ತೋರಿಸುವ ಮೀಟರನ್ನೂ ಪಡೆಯುವ ಸಂಭವವೇ ಹೆಚ್ಚು.

ಅನುಪಾತವೆಂದರೇನು?

ಎಂಜಿನ್ನಿನ ಶಕ್ತಿ ಗೇರ್ ಪೆಟ್ಟಿಗೆಯಿಂದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಡಿಫರೆನ್ಷಿಯಲ್‌ಗೆ ಬರುತ್ತದೆ. ಅಲ್ಲಿ ಸಣ್ಣ ಪಿನಿಯನ್ ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ. ಕ್ರೌನ್ ಗೇರಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ಅನುಪಾತ. ಉದಾಹರಣೆಗೆ, 48 ಹಲ್ಲುಗಳ ಕ್ರೌನ್ ಗೇರಿಗೆ 13 ಹಲ್ಲುಗಳ ಪಿನಿಯನ್ ಇದ್ದರೆ ಅನುಪಾತ 3.69. ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 3.69 ಸುತ್ತು ತಿರುಗಬೇಕು. ಈ ಸಂಖ್ಯೆ ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚು; ಕಡಿಮೆಯಾದಷ್ಟೂ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುತ್ತದೆ.

ಒಂದು ನಿದರ್ಶನ

1976ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಮರ್ಸಿಡಿಸ್-ಬೆಂಜ್ ಡಬ್ಲ್ಯು123 ಶ್ರೇಣಿ ಈ ವಿಷಯಕ್ಕೆ ಉತ್ತಮ ನಿದರ್ಶನ. ಇದರ 240ಡಿ ಮಾದರಿಗೆ 3.69, ಟರ್ಬೊ ಇಲ್ಲದ 300ಡಿ ಮಾದರಿಗೆ 3.46, ಅಮೆರಿಕಕ್ಕೆ ಹೋದ ಟರ್ಬೊ ಮಾದರಿಗೆ 3.07 ಹಾಗೂ ಅಲ್ಲಿಯೇ 1985ರಲ್ಲಿ 2.88 ಅನುಪಾತಗಳಿದ್ದವು. ಎಂಜಿನ್ನಿನ ಬಲ ಹೆಚ್ಚಿದಂತೆ ಅನುಪಾತದ ಸಂಖ್ಯೆ ಇಳಿದಿರುವುದು ಗಮನಾರ್ಹ.

ಚಕ್ರದ ಒಂದು ಸುತ್ತಿಗೆ ಕಾರು ಸುಮಾರು 1.93 ಮೀಟರ್ ಸಾಗುತ್ತದೆಂದು ಇಟ್ಟುಕೊಳ್ಳೋಣ. ಅನುಪಾತ 1 ಆಗಿರುವ ನಾಲ್ಕನೆಯ ಗೇರಿನಲ್ಲಿ, ಗಂಟೆಗೆ 100 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 3.69ರಲ್ಲಿ ಸುಮಾರು 3,190 ಸುತ್ತು, 3.46ರಲ್ಲಿ 2,990, 3.07ರಲ್ಲಿ 2,650 ಸುತ್ತು ತಿರುಗುತ್ತದೆ. 3.69ರಿಂದ 3.07ಕ್ಕೆ ಇಳಿದರೆ ಎಂಜಿನ್ ವೇಗ ಶೇ. 17ರಷ್ಟು ತಗ್ಗುತ್ತದೆ. ಆದರೆ ಪ್ರತಿ ಗೇರಿನಲ್ಲಿಯೂ ಚಕ್ರಕ್ಕೆ ತಲುಪುವ ಎಳೆತದ ಬಲವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. 240ಡಿ ಎಂಜಿನ್ನಿನ ಶಕ್ತಿ 1978ರ ನಂತರವೂ 72 ಅಶ್ವಶಕ್ತಿ ಮಾತ್ರ. ಟರ್ಬೊ ಎಂಜಿನ್ನಿಗೆ ಹೊಂದುವ 3.07 ಇದಕ್ಕೆ ಏರುದಾರಿಯಲ್ಲಿ ಭಾರವೆನಿಸುತ್ತದೆ. ಪದೇ ಪದೇ ಕೆಳ ಗೇರಿಗೆ ಇಳಿಯಬೇಕಾದರೆ ಉಳಿತಾಯವೂ ಅಲ್ಲೇ ಕರಗುತ್ತದೆ.

ಸಮತಟ್ಟು ಹೆದ್ದಾರಿಯಲ್ಲಿಯೂ ಇಂಧನ ಶೇ. 17ರಷ್ಟು ಉಳಿಯುವುದಿಲ್ಲ. ಗಾಳಿಯ ತಡೆ ಮತ್ತು ಟೈರುಗಳ ಘರ್ಷಣೆಯನ್ನು ಮೀರಲು ಬೇಕಾದ ಶಕ್ತಿ ಮೊದಲಿನಷ್ಟೇ ಇರುತ್ತದೆ. ಎಂಜಿನ್ನಿನ ಒಳಘರ್ಷಣೆ ಮಾತ್ರ ಕಡಿಮೆಯಾಗುತ್ತದೆ. ಇಂತಹ ಕಡಿಮೆ ಶಕ್ತಿಯ ಕಾರಿಗೆ 3.46 ಮಧ್ಯಮ ಮಾರ್ಗ. ಅದರಿಂದ ಎಂಜಿನ್ ವೇಗ ಶೇ. 6ರಷ್ಟು ತಗ್ಗುತ್ತದೆ.

ಗುರುತಿಸುವ ನಾಲ್ಕು ವಿಧಾನಗಳು

1. ಮುದ್ರೆ: ಡಬ್ಲ್ಯು123 ಕಾರುಗಳಲ್ಲಿ ಡಿಫರೆನ್ಷಿಯಲ್ ಹೊರಕವಚದ ಮೇಲೆಯೇ ಅನುಪಾತವನ್ನು ಅಚ್ಚೊತ್ತಲಾಗಿದೆ. ಮಣ್ಣು, ಜಿಡ್ಡನ್ನು ತಂತಿ ಬ್ರಷ್‌ನಿಂದ ತೆಗೆದು ನೋಡಬೇಕು. ಆದರೆ ಹಳೆಯ ಕಾರಿನಲ್ಲಿ ಘಟಕವೇ ಬದಲಾಗಿರಬಹುದಾದ್ದರಿಂದ ಕಾರಿನ ಮಾದರಿಯ ಹೆಸರನ್ನು ನಂಬಿ ಅನುಪಾತ ಊಹಿಸುವುದು ಸಲ್ಲದು.

2. ಸುತ್ತುಗಳ ಎಣಿಕೆ: ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡೆಕಟ್ಟೆ ಇಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಕೈಬ್ರೇಕ್ ಸಡಿಲಿಸಿ, ಒಂದು ಹಿಂಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಇನ್ನೊಂದು ಚಕ್ರ ನೆಲದ ಮೇಲೆ ನಿಶ್ಚಲವಾಗಿರುವುದರಿಂದ, ಎತ್ತಿದ ಚಕ್ರದ 2 ಸುತ್ತು ಕ್ರೌನ್ ಗೇರಿನ 1 ಸುತ್ತಿಗೆ ಸಮ. ಚಕ್ರವನ್ನು 20 ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟ್‌ನ ಸುತ್ತುಗಳನ್ನು ಎಣಿಸಿ 10ರಿಂದ ಭಾಗಿಸಬೇಕು. ಸುಮಾರು 37 ಸುತ್ತು ಬಂದರೆ 3.69, ಮೂವತ್ತನಾಲ್ಕೂವರೆ ಬಂದರೆ 3.46.

3. ಹಲ್ಲುಗಳ ಎಣಿಕೆ: ಕಳಚಿಟ್ಟ ಘಟಕವನ್ನು ಕೊಳ್ಳುವಾಗ ಹಿಂಬದಿಯ ಮುಚ್ಚಳ ತೆರೆಸಿ ಎಣಿಸುವುದು ನಿಶ್ಚಿತ ವಿಧಾನ. ಹಲ್ಲುಗಳ ಸವೆತ, ಎಣ್ಣೆಯಲ್ಲಿನ ಲೋಹದ ಚೂರುಗಳು ಸಹ ಆಗಲೇ ಕಣ್ಣಿಗೆ ಬೀಳುತ್ತವೆ.

4. ಓಡಿಸಿ ಲೆಕ್ಕ ಹಾಕುವುದು: ನೇರ ಗೇರಿನಲ್ಲಿ ಎಂಜಿನ್ನಿನ ಆರ್‌ಪಿಎಂ, ಚಕ್ರದ ಸುತ್ತಳತೆಯ ಮೀಟರ್ ಮತ್ತು 0.06 ಇವುಗಳನ್ನು ಗುಣಿಸಿ, ಗಂಟೆಯ ವೇಗದಿಂದ ಭಾಗಿಸಬೇಕು. ವೇಗವನ್ನು ಜಿಪಿಎಸ್‌ನಿಂದ ಪಡೆಯಬೇಕು, ಕಾರಿನ ಮೀಟರಿನಿಂದಲ್ಲ. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಟಾರ್ಕ್ ಕನ್ವರ್ಟರ್‌ನ ಜಾರುವಿಕೆಯಿಂದ ಈ ಲೆಕ್ಕ ತಪ್ಪುತ್ತದೆ.

ಬದಲಾವಣೆಯ ಕ್ರಮ

ಕ್ರೌನ್ ಗೇರ್ ಮತ್ತು ಪಿನಿಯನ್‌ಗಳನ್ನು ತಯಾರಿಕೆಯ ಹಂತದಲ್ಲಿಯೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಲಾಗಿರುತ್ತದೆ. ಒಂದು ಜೋಡಿಯ ಕ್ರೌನ್ ಗೇರನ್ನು ಇನ್ನೊಂದರ ಪಿನಿಯನ್ನಿನೊಡನೆ ಕೂಡಿಸಿದರೆ ಸದ್ದು ಮತ್ತು ಸವೆತ ಖಚಿತ. ಹಳೆಯ ಜೋಡಿಯನ್ನೇ ಬೇರೆ ಕವಚಕ್ಕೆ ಸೇರಿಸಿದರೂ ಬೇರಿಂಗ್ ಬಿಗಿತ, ಹಲ್ಲುಗಳ ನಡುವಣ ಸಡಿಲ ಮತ್ತು ಸ್ಪರ್ಶದ ಗುರುತನ್ನು ಅಳತೆಯಿಂದ ಹೊಂದಿಸಬೇಕಾಗುತ್ತದೆ. ಆದ್ದರಿಂದ ಅದೇ ಶ್ರೇಣಿಯ ಕಾರಿನಿಂದ ಇಡೀ ಘಟಕವನ್ನು ತಂದು ಕೂಡಿಸುವುದೇ ವ್ಯಾವಹಾರಿಕ ಮಾರ್ಗ.

ಡಬ್ಲ್ಯು123ರಲ್ಲಿ ಹಿಂಬದಿಯ ಎರಡು ಆಕ್ಸಲ್‌ಗಳನ್ನು ಘಟಕದೊಳಗೆ ಸಿ ಆಕಾರದ ಕ್ಲಿಪ್ಪುಗಳು ಹಿಡಿದಿರುತ್ತವೆ. ಎಣ್ಣೆ ಇಳಿಸಿ, ಹಿಂದಿನ ಮುಚ್ಚಳ ತೆಗೆದ ನಂತರವೇ ಅವುಗಳನ್ನು ಬಿಡಿಸಲು ಸಾಧ್ಯ. ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಬಿರಡೆ ತೆರೆಯುತ್ತದೆಯೇ ಎಂದು ಪರೀಕ್ಷಿಸುವುದು ಜಾಣತನ. ಸೀಲುಗಳನ್ನು ಈ ಹಂತದಲ್ಲಿಯೇ ಹೊಸದಾಗಿ ಹಾಕಿಸಿ, 90 ದರ್ಜೆಯ ಹೈಪಾಯ್ಡ್ ಎಣ್ಣೆ ತುಂಬಬೇಕು.

ಮೀಟರಿನ ಮೋಸ

ಈ ಕಾರುಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್ ಪೆಟ್ಟಿಗೆಯಿಂದ ಹೊರಡುತ್ತದೆ. ಅದು ಎಣಿಸುವುದು ಪ್ರೊಪೆಲ್ಲರ್ ಶಾಫ್ಟ್‌ನ ಸುತ್ತುಗಳನ್ನು. 3.69ರ ಬದಲು 3.07 ಕೂಡಿಸಿ ಮೀಟರನ್ನು ಹಾಗೆಯೇ ಬಿಟ್ಟರೆ, ನಿಜವಾದ ವೇಗ 100 ಇದ್ದಾಗ ಮೀಟರ್ 83 ತೋರಿಸುತ್ತದೆ. ಚಾಲಕನಿಗೆ ಅರಿವಿಲ್ಲದೆ ವೇಗಮಿತಿ ಮೀರುತ್ತದೆ.

ಮೈಲೇಜಿನ ಲೆಕ್ಕವೂ ತಲೆಕೆಳಗಾಗುತ್ತದೆ. 40 ಲೀಟರಿಗೆ ನಿಜವಾಗಿ 500 ಕಿ.ಮೀ. ಓಡಿದ ಕಾರು ಲೀಟರಿಗೆ 12.5 ಕಿ.ಮೀ. ಕೊಟ್ಟಿರುತ್ತದೆ. ಆದರೆ ಮೀಟರ್ 416 ಕಿ.ಮೀ. ಮಾತ್ರ ತೋರಿಸಿ, ಮೈಲೇಜ್ 10.4ಕ್ಕೆ ಇಳಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಕಾರನ್ನು ಮಾರುವಾಗ ಓಡಿದ ದೂರವೂ ಕಡಿಮೆ ಕಾಣುವುದರಿಂದ ಮಾರಾಟಗಾರನ ಪ್ರಾಮಾಣಿಕತೆಗೇ ಕಳಂಕ ತಗಲಬಹುದು. ಹೊಸ ಅನುಪಾತಕ್ಕೆ ಹೊಂದುವ ಸ್ಪೀಡೋಮೀಟರನ್ನು ಜೊತೆಗೇ ಹಾಕಿಸಿ, ಬದಲಾವಣೆಯ ದಿನಾಂಕ ಮತ್ತು ಆ ದಿನದ ಕಿಲೋಮೀಟರನ್ನು ಬರೆದಿಡುವುದು ಅಗತ್ಯ.

ನಿರ್ಧಾರಕ್ಕೆ ಮುನ್ನ

ಭಾರತದಲ್ಲಿ ವಾಹನದ ಮಾರ್ಪಾಟುಗಳಿಗೆ 1988ರ ಮೋಟಾರು ವಾಹನಗಳ ಅಧಿನಿಯಮದ 52ನೇ ಪ್ರಕರಣ ಮಿತಿ ಹಾಕಿದೆ. ಕೆಲಸ ಆರಂಭಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಒಬ್ಬರೇ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವರಿಗೆ ಅನುಪಾತದ ಸಂಖ್ಯೆ ಇಳಿಸುವುದು ಹಿತಕರ. ಸರಕು ತುಂಬಿ ಘಟ್ಟ ಹತ್ತಿಸುವವರಿಗೆ ಕಾರ್ಖಾನೆ ಕೊಟ್ಟ ಅನುಪಾತವೇ ಲೇಸು. ಬಿಡಿಭಾಗಗಳ ವ್ಯಾಪಾರಿಗಳು ಪ್ರತಿ ಘಟಕದ ಹಲ್ಲುಗಳನ್ನು ಎಣಿಸಿ, ಅನುಪಾತವನ್ನು ಚೀಟಿಯಲ್ಲಿಯೂ ರಶೀದಿಯಲ್ಲಿಯೂ ನಮೂದಿಸಿದರೆ ಗ್ರಾಹಕರ ತಕರಾರು ತಪ್ಪುತ್ತದೆ, ಅಂಗಡಿಯ ಹೆಸರೂ ಉಳಿಯುತ್ತದೆ.