ಟ್ಯಾಬ್ಲೆಟ್ ಕೊಳ್ಳುವ ಮುನ್ನ

ಬೀಜ ಕೊಳ್ಳುವಾಗ ಚೀಲದ ಬಣ್ಣ ನೋಡದೆ ಮೊಳಕೆಯ ಪ್ರಮಾಣ ನೋಡುತ್ತೇವೆ. ಟ್ಯಾಬ್ಲೆಟ್ ಗಣಕವನ್ನೂ ಹಾಗೆಯೇ ಪರೀಕ್ಷಿಸಿ ಕೊಳ್ಳುವುದು ಲೇಸು. 2011ರಲ್ಲಿ ದೆಹಲಿಯಲ್ಲಿ ವಿದ್ಯಾರ್ಥಿಗಳಿಗೆಂದು ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ ಬಹಳ ಅಗ್ಗವಾಗಿತ್ತು. ಆದರೆ ಅದರ ರ‍್ಯಾಮ್ ಕೇವಲ 256 ಎಂ.ಬಿ. ಇದ್ದುದರಿಂದ ಕೆಲಸ ನಿಧಾನವಾಗಿ ಬಳಸಿದವರಿಗೆ ತೃಪ್ತಿ ತರಲಿಲ್ಲ. ಬೆಲೆಯೊಂದೇ ಅಳತೆಗೋಲಲ್ಲ.

ರೈತ ಬಾಂಧವರು ಈ ಅಂಶಗಳನ್ನು ಗಮನಿಸಬೇಕು:

1. ಸಿಮ್ ಮತ್ತು ಜಿ.ಪಿ.ಎಸ್.: ಅಗ್ಗದ ಹಲವು ಮಾದರಿಗಳಿಗೆ ವೈ-ಫೈ ಇದ್ದಲ್ಲಿ ಮಾತ್ರ ಅಂತರ್ಜಾಲ ದೊರೆಯುತ್ತದೆ. ಇವುಗಳಲ್ಲಿ ಕೆಲವಕ್ಕೆ ಜಿ.ಪಿ.ಎಸ್. ಕೂಡ ಇರುವುದಿಲ್ಲ. ರೈತರೇ ಹೊಲದಲ್ಲಿ ನಿಂತು ಮಾಡುವ ಬೆಳೆ ಸಮೀಕ್ಷೆಗೆ ಸ್ಥಳದ ಗುರುತು, ಬೆಳೆಯ ಚಿತ್ರ ಎರಡೂ ಬೇಕು. ಬೆಳೆ ವಿಮೆ ಹಾಗೂ ಪರಿಹಾರಕ್ಕೆ ಈ ದಾಖಲೆಯನ್ನು ಬಳಸುತ್ತಾರೆ. ಆದುದರಿಂದ ಸಿಮ್ ಹಾಕುವ, ಜಿ.ಪಿ.ಎಸ್. ಇರುವ ಮಾದರಿಯೇ ಸೂಕ್ತ.

2. ರ‍್ಯಾಮ್ ಮತ್ತು ಸ್ಟೋರೇಜ್: ರ‍್ಯಾಮ್ 4 ಜಿ.ಬಿ., ಸ್ಟೋರೇಜ್ 64 ಜಿ.ಬಿ.ಗಿಂತ ಕಡಿಮೆ ಬೇಡ. ಸ್ಟೋರೇಜ್‌ನ ಒಂದು ಭಾಗವನ್ನು ಯಂತ್ರದ ಸ್ವಂತ ತಂತ್ರಾಂಶವೇ ಬಳಸಿಕೊಳ್ಳುತ್ತದೆ.

3. ಪರದೆ: ಅಂಗಡಿಯ ನೆರಳಿನಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ಬಿಸಿಲಿಗೆ ತಂದು ಓದಿ ನೋಡಿ.

4. ಭದ್ರತೆ: ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ದೊರೆಯುವುದೆಂದು ಕೇಳಿ. ಅದು ನಿಂತುಹೋದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಕ್ಷೇಮವಲ್ಲ.

5. ಖಾತರಿ: ಬಿ.ಐ.ಎಸ್. ಗುರುತು ನೋಡಿ, ರಸೀದಿ ಪಡೆಯಿರಿ. ಹತ್ತಿರದಲ್ಲಿ ದುರಸ್ತಿ ಕೇಂದ್ರವಿದೆಯೇ ಎಂದು ವಿಚಾರಿಸಿ.

ಕೈಯಲ್ಲಿರುವ ಮೊಬೈಲಿನಲ್ಲೇ ಈ ಕೆಲಸಗಳೆಲ್ಲ ಆಗುತ್ತಿದ್ದರೆ ಟ್ಯಾಬ್ಲೆಟ್ಟಿಗಾಗಿ ಸಾಲ ಮಾಡುವುದು ಬೇಡ. ಆ ಹಣ ಮುಂಗಾರಿನ ಬೀಜ, ಗೊಬ್ಬರಕ್ಕೆ ಒದಗಲಿ.