ಕೆರೆ ತುಂಬಿದ ವರ್ಷ

ಪೆನ್ನಾ ನದಿಯಲ್ಲಿ ನೀರು ಹರಿಯುವುದನ್ನು ಕಂಡವರಿಗಿಂತ ಅದರ ಮರಳಿನ ಮೇಲೆ ಮೇಕೆ ಹಿಂಡು ನಡೆಯುವುದನ್ನು ಕಂಡವರೇ ಹಿಂದೂಪುರದಲ್ಲಿ ಹೆಚ್ಚು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಈ ಕಡೆ ಬರುವ ಉತ್ತರ ಪಿನಾಕಿನಿ, ಪರಿಗಿಯ ಬಳಿ ಜಯಮಂಗಲಿಯನ್ನು ಸೇರಿಸಿಕೊಂಡರೂ ವರ್ಷದ ಬಹುಪಾಲು ಬರೀ ಬಿಳಿ ಪಟ್ಟಿ. ಅತ್ತ ಕಲ್ಯಾಣದುರ್ಗದ ಕಡೆಯ ವೇದಾವತಿಯದೂ ಅದೇ ಗತಿ. ಹಗರಿ ಎಂದು ಕರೆಯುವ ಆ ಹೊಳೆಗೆ ಮೇಲ್ಗಡೆ ಹಿರಿಯೂರಿನ ವಾಣಿ ವಿಲಾಸ ಸಾಗರ ಅಡ್ಡ ನಿಂತಿದೆ. ಅದು 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ವರ್ಷ ಬಂದರೆ ಕೆಳಗಿನ ಭೈರವಾನಿತಿಪ್ಪ ಜಲಾಶಯದ ಏರಿಯ ಮೇಲೆ ಜಾತ್ರೆ. ಬೈಕುಗಳು, ಆಟೋಗಳು, ಬುತ್ತಿ ಕಟ್ಟಿಕೊಂಡ ಸಂಸಾರಗಳು, ಅರಿಶಿನ ಕುಂಕುಮ ಹಿಡಿದು ಗಂಗಮ್ಮನ ಪೂಜೆಗೆ ಬಂದ ಹೆಂಗಸರು. ನೀರು ನೋಡಲಿಕ್ಕೆಂದೇ ಊರು ಬಿಟ್ಟು ಊರಿಗೆ ಬರುವ ಜನ ಇವರು.

ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಅದೂ ಎಲ್ಲ ವರ್ಷ ಬೀಳುವುದಿಲ್ಲ. ನಾಲ್ಕಾರು ವರ್ಷ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗನಿಗೆ ಈಜು ಕಲಿಸುವವರು ಯಾರು, ಎಲ್ಲಿ? ಅವನ ಅಜ್ಜ ಕಲಿತದ್ದು ತೋಟದ ಕಪಿಲೆ ಬಾವಿಯಲ್ಲಿ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು. ಆ ಬಾವಿ ಬತ್ತಿತು, ಕೊಳವೆಬಾವಿಯಲ್ಲಿ ಈಜಲಾಗದು. ಹೀಗಾಗಿ ಕೆರೆ ತುಂಬಿದ ದಿನ ಏರಿಯ ಮೇಲೆ ನಿಂತು ಹಿಗ್ಗುವವರಲ್ಲಿ ನೀರಿನ ಗುಣ ಗೊತ್ತಿರುವವರು ಬೆಸ್ತರ ಮನೆಯ ಕೆಲವರು ಮಾತ್ರ. ಮಲೆನಾಡಿನವರು ನೀರಿಗೆ ಹೆದರುತ್ತಾರೆ, ನಮ್ಮವರು ನೀರನ್ನು ಕಂಡು ಮೈಮರೆಯುತ್ತಾರೆ. ಈ ಸೀಮೆಯ ಕೆರೆಗಳ ಅಪಾಯವೆಲ್ಲ ಆ ಮೈಮರೆವಿನಲ್ಲಿದೆ ಎಂದು ನನ್ನ ಅನುಮಾನ.

ಕೆರೆಯ ಮೇಲೆ ತೇಲುವ ವಾಹನ ಹರಿಗೋಲು. ತೆಲುಗಿನವರ ಬಾಯಲ್ಲಿ ಪುಟ್ಟಿ. ಬಿದಿರಿನ ಸೀಳು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ, ಅದರ ಮೇಲೆ ಡಾಂಬರು ಬಳಿದ ದುಂಡನೆಯ ಬುಟ್ಟಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ ಇದನ್ನೇ ನೋಡಿ ಬರೆದಿಟ್ಟ. ಆಗ ಹೊದಿಕೆ ತೊಗಲಿನದು. ಹದಿನೈದು ಇಪ್ಪತ್ತು ಮಂದಿ ಹಿಡಿಯುವಷ್ಟು ದೊಡ್ಡವು; ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ ಎಂದು ಆತನಿಗೆ ಸೋಜಿಗ. ಸುತ್ತದಂತೆ ನಡೆಸುವುದು ಕೈಯ ವಿದ್ಯೆ. ಮುಂದೆ ಕುಕ್ಕರಗಾಲಲ್ಲಿ ಕೂತು, ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಬಲ್ಲವನ ಕೈಯಲ್ಲಿ ಅದು ಬಾಣದಂತೆ ಹೋಗುತ್ತದೆ. ಬಾರದವನು ಹುಟ್ಟು ಹಾಕಿದಷ್ಟೂ ಇದ್ದಲ್ಲೇ ಗಿರಕಿ ಹೊಡೆಯುತ್ತಾನೆ.

ಕೆರೆಯ ಬೆಸ್ತರ ಹರಿಗೋಲು ಪಾಯಸ್ ಕಂಡದ್ದಕ್ಕಿಂತ ಬಹಳ ಚಿಕ್ಕದು. ಒಬ್ಬ ಹುಟ್ಟು ಹಾಕುವವನು, ಒಬ್ಬ ಬಲೆ ಬಿಡುವವನು, ಮೇಲೆ ಒಂದಿಷ್ಟು ಮೀನು. ತಳ ಚಪ್ಪಟೆಯಾಗಿರುವುದರಿಂದ ಎಲ್ಲರೂ ಕೂತಿದ್ದಷ್ಟು ಹೊತ್ತು ಅದು ಗಟ್ಟಿ. ಒಬ್ಬ ಎದ್ದು ನಿಂತರೆ, ಅಥವಾ ಮೂವರು ಒಟ್ಟಿಗೆ ಒಂದೇ ಕಡೆ ಬಾಗಿದರೆ, ಅಂಚು ನೀರಿಗೆ ತಾಗುತ್ತದೆ. ಒಂದು ಸಲ ನೀರು ಒಳಗೆ ಬಂತೆಂದರೆ ಅದೂ ಬಾಗಿದ ಕಡೆಗೇ ಓಡಿ ಭಾರವನ್ನು ಇಮ್ಮಡಿ ಮಾಡುತ್ತದೆ. ಮುಂದಿನದನ್ನು ತಡೆಯಲು ಯಾರಿಗೂ ವೇಳೆ ಸಿಗದು.

ಹುಬ್ಬೆ, ಉತ್ತರೆ ಮಳೆ ಕೈ ಹಿಡಿದರೆ ಕೆರೆ ತುಂಬುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಂದ ನೀರು ಕೆಂಪು. ಅದರ ಕೆಳಗೆ ಏನಿದೆಯೆಂದು ಕಾಣುವುದಿಲ್ಲ. ಕೆರೆ ಒಣಗಿದ್ದ ವರ್ಷಗಳಲ್ಲಿ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಇದ್ದಿಲಿಗೆಂದು ಕಡಿದ ಮೋಟುಗಳು, ಕಡಿಯದ ಮುಳ್ಳುಕೊಂಬೆಗಳು ಈಗ ಗೇಣುದ್ದ ನೀರಿನ ಕೆಳಗೆ ಕೂತಿವೆ. ಪ್ಲಾಸ್ಟಿಕ್ ಹಾಳೆಯ ತಳಕ್ಕೆ ಒಂದು ಮೋಟು ಸಾಕು. ಅದಕ್ಕಿಂತ ಕೆಟ್ಟವು ಗುಂಡಿಗಳು. ಗೋಡು ಮಣ್ಣನ್ನು ಹೊಲಕ್ಕೂ ಇಟ್ಟಿಗೆ ಗೂಡಿಗೂ ಸಾಗಿಸಲು ಜೆಸಿಬಿ ತೋಡಿಟ್ಟ ಆಳ ಹಳ್ಳಗಳು, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಇರುತ್ತವೆ. ದಡದ ಹತ್ತಿರವೇ ಇದ್ದೇವಲ್ಲ ಎಂದು ಹರಿಗೋಲಿನಿಂದ ಕೆಳಗಿಳಿದವನ ಕಾಲಿಗೆ ನೆಲ ಸಿಗುವುದಿಲ್ಲ. ಕೆರೆ ಒಣಗಿದ್ದಾಗ ಅಂಗಳದಲ್ಲಿ ಓಡಾಡಿದವರನ್ನು ಕೇಳದೆ ಹೊಸ ನೀರಿಗೆ ಇಳಿಯಬಾರದು. ದನ ಮೇಯಿಸುವ ಹುಡುಗರಿಗೆ ಗೊತ್ತಿರುವ ಕೆರೆಯ ನಕ್ಷೆ ಯಾವ ಕಚೇರಿಯಲ್ಲೂ ಸಿಗದು.

ಇದೇ ತಿಂಗಳುಗಳಲ್ಲಿ ಕೋಡಿ ಬೀಳುತ್ತದೆ. ಹಾಲಿನಂತೆ ನೊರೆ ಚೆಲ್ಲುವ ಆ ತುದಿಯಲ್ಲೇ ಎಲ್ಲರಿಗೂ ಫೋಟೊ ಬೇಕು. ಮೇಲಿನಿಂದ ನೋಡಿದರೆ ಕೋಡಿಯ ಹಿಂದಿನ ನೀರು ನಿಂತಂತೆಯೇ ಕಾಣುತ್ತದೆ, ಆದರೆ ಒಳಗೆ ಅದು ಹೊರಟಿರುತ್ತದೆ. ತೂಬು ಎತ್ತಿದ ದಿನ ತೂಬಿನ ಬಳಿಯೂ ಇದೇ ಕತೆ, ಅಲ್ಲಿ ಸೆಳೆತ ತಳದ ಕಡೆಗೆ. ಮೀನು ಅಲ್ಲಿ ಹೆಚ್ಚೆಂದು ಆಸೆ ಹುಟ್ಟಿದರೂ ಅನುಭವಿಗಳು ಹರಿಗೋಲನ್ನು ಈ ಎರಡು ಜಾಗಗಳಿಂದ ದೂರವೇ ಇಡುತ್ತಾರೆ.

ಕಾರ್ತಿಕದ ಹೊತ್ತಿಗೆ ನೀರು ತಿಳಿಯಾಗುತ್ತದೆ. ಪುಷ್ಯ, ಮಾಘದಲ್ಲಿ ಲೇಪಾಕ್ಷಿಯ ಕಡೆಯ ಬಂಡೆಗುಡ್ಡಗಳು ಕೆರೆಯಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ವರ್ಷದಲ್ಲಿ ದೋಣಿ ವಿಹಾರಕ್ಕೆ ಒಂದು ಕಾಲವಿದ್ದರೆ ಇದೇ, ಆದರೆ ಬಿಸಿಲೇರಿದ ಮೇಲೆ. ನಸುಕಿನಲ್ಲಿ ಬಲೆ ಎತ್ತಲು ಹೋಗುವವರಿಗೆ ಮಂಜು ದಡವನ್ನೇ ಅಳಿಸಿಬಿಡುತ್ತದೆ. ಆಗ ಅವರು ದಿಕ್ಕು ಹಿಡಿಯುವುದು ಊರ ಗುಡಿಯ ಮೈಕಿನಿಂದ ಬರುವ ಸುಪ್ರಭಾತ ಕೇಳಿ. ಚಳಿಗೆ ಸೆಟೆದ ಬೆರಳು ಹುಟ್ಟನ್ನೂ ಸರಿಯಾಗಿ ಹಿಡಿಯದು, ಬಲೆಯ ಗಂಟನ್ನೂ ಬಿಚ್ಚದು. ಹಾಗಾಗಿ ಒಬ್ಬನೇ ಹೋಗುವುದಿಲ್ಲ. ಹೋದರೆ, ಎಷ್ಟು ಹೊತ್ತಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗಬೇಕು. ಬಾರದಿದ್ದರೆ ಹುಡುಕಲು ಹೊರಡುವವರು ಮನೆಯವರೇ ತಾನೆ.

ಚೈತ್ರ, ವೈಶಾಖಕ್ಕೆ ನೀರು ಅರ್ಧಕ್ಕಿಳಿದು, ಕೆರೆ ಸಾಧುವಾದಂತೆ ತೋರುತ್ತದೆ. ಅಶ್ವಿನಿ, ಭರಣಿ ಮಳೆಗಳು ಬರುವುದು ಆಗ. ಮಧ್ಯಾಹ್ನದ ತನಕ ಉರಿ, ನಾಲ್ಕು ಗಂಟೆಗೆ ಮೂಲೆಯಲ್ಲಿ ಕಪ್ಪು, ಧೂಳೆಬ್ಬಿಸಿಕೊಂಡು ಬರುವ ಗಾಳಿ, ಆಮೇಲೆ ಸಿಡಿಲು. ಬಯಲ ನಡುವಿನ ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಹರಿಗೋಲಿನಲ್ಲಿ ಕೂತವನ ತಲೆಯೇ. ಮೊದಲ ಗುಡುಗು ಕೇಳಿದಾಗಲೇ ದಡ ಸೇರಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಏರಿಯ ಮೇಲಿನ ಒಂಟಿ ಹುಣಸೆಮರ ಆಸರೆಯಲ್ಲ.

ಆಷಾಢದ್ದು ಬೇರೆ ಗಾಳಿ. ಮಳೆ ತಾರದೆ ಹಗಲಿಡೀ ಪಡುವಣದಿಂದ ಬೀಸುತ್ತದೆ. ರಾಮಗಿರಿಯ ಬೆಟ್ಟಗಳ ಮೇಲೆ, ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನಲ್ಲ. ಕಂಪನಿಗಳಿಗೆ ಕರೆಂಟು ಕೊಡುವ ಆ ರೆಕ್ಕೆಗಳು ಬೆಸ್ತರಿಗೆ ಪುಕ್ಕಟೆ ಸೂಚನೆ ಕೊಡುತ್ತವೆ: ದೂರದ ರೆಕ್ಕೆ ಬಿರುಸಾಗಿ ತಿರುಗುತ್ತಿದ್ದರೆ ಇವತ್ತು ನಡುಗೆರೆ ಬೇಡ. ಹರಿಗೋಲಿಗೆ ಕೆಳಗೆ ನೀರನ್ನು ಕಚ್ಚಿ ಹಿಡಿಯುವ ಭಾಗವಿಲ್ಲ. ಗಾಳಿ ತಳ್ಳಿದ ಕಡೆ ಜಾರುತ್ತದೆ. ಗಾಳಿಯ ಬೆನ್ನಿಗೆ ಹೋಗುವುದು ಸುಖ, ವಾಪಸು ಬರುವಾಗ ರಟ್ಟೆ ಬೀಳುತ್ತದೆ. ಆದ್ದರಿಂದ ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗುವುದು ಲೇಸು. ದಣಿದ ಮೇಲೆ ಅದೇ ಗಾಳಿ ಮನೆಗೆ ತಂದು ಬಿಡುತ್ತದೆ.

ಇಷ್ಟನ್ನೆಲ್ಲ ಬಲ್ಲವನೂ ಸೋಲುವುದು ನೆಂಟರ ಮುಂದೆ. "ಒಂದೇ ಒಂದು ಸುತ್ತು ಮಾವಾ, ಮಕ್ಕಳು ಆಸೆಪಡ್ತಾವೆ" ಎಂದರೆ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಅನಂತಪುರ ಜಿಲ್ಲೆಯ ಗುಂತಕಲ್ಲು ಮಂಡಲದ ಎರ್ರತಿಮ್ಮರಾಜು ಚೆರುವಿನಲ್ಲಿ 2017ರ ಏಪ್ರಿಲ್ ಕೊನೆಯ ವಾರ ಒಟ್ಟಿಗೆ ಸೇರಿದ್ದ ಬಂಧುಗಳು ಕೆರೆಯಲ್ಲಿ ವಿಹಾರಕ್ಕೆ ಹೊರಟರು. ಹತ್ತಕ್ಕೂ ಹೆಚ್ಚು ಮಂದಿ ಮುಳುಗಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಹರಿಗೋಲಿನ ಲೆಕ್ಕ ತಲೆಯ ಲೆಕ್ಕವಲ್ಲ. ಜನ ಕೂತ ಮೇಲೆ ಅಂಚು ನೀರಿನಿಂದ ಒಂದು ಮೊಳವಾದರೂ ಮೇಲಿರಬೇಕು. ಇಲ್ಲದಿದ್ದರೆ ಮಾವನಾಗಲಿ ಅಳಿಯನಾಗಲಿ ಇಳಿಯಲೇಬೇಕು. ಹಬ್ಬದ ಹೊತ್ತಿಗೆ ಕುಡಿದು ಬಂದವರ ಬಗ್ಗೆ ಚರ್ಚೆಯೇ ಬೇಡ.

ತೇಲು ಅಂಗಿ, ಅಂದರೆ ಲೈಫ್ ಜಾಕೆಟ್, ಈ ಕೆರೆಗಳಲ್ಲಿ ಅಪರೂಪ. ವಡೋದರಾದ ಹರಣಿ ಕೆರೆ ಊರ ನಡುವಿನ ಪ್ರವಾಸಿ ತಾಣ. ಅಲ್ಲೂ 2024ರ ಜನವರಿ 18ರಂದು ದೋಣಿ ಮಗುಚಿ ಶಾಲೆಯ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಎಲ್ಲರ ಮೈಮೇಲೆ ಜಾಕೆಟ್ ಇರಲಿಲ್ಲ. ಮೀನುಗಾರರ ಸಂಘಕ್ಕೆ ಕಾಟ್ಲಾ, ರೋಹು ಮರಿ ಕೊಡುವ ಸರ್ಕಾರ ಅದರ ಜೊತೆಗೇ ಹರಿಗೋಲಿಗೆ ಎರಡು ಜಾಕೆಟ್ ಕೊಟ್ಟರೆ ಬೊಕ್ಕಸ ಬರಿದಾಗದು. ಅಲ್ಲಿಯವರೆಗೆ ಬಾಯಿ ಬಿಗಿಯಾಗಿ ಮುಚ್ಚಿದ ಖಾಲಿ ಎಣ್ಣೆ ಕ್ಯಾನುಗಳೇ ಗತಿ. ಎರಡನ್ನು ಹರಿಗೋಲಿನ ಒಳಗೆ ಎದುರುಬದುರು ಕಟ್ಟಿಟ್ಟರೆ ಮಗುಚಿದಾಗ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಮಗುಚಿದರೆ ಬಿಟ್ಟು ದಡಕ್ಕೆ ಈಜಬಾರದು, ಹರಿಗೋಲನ್ನೇ ತಬ್ಬಿಕೊಂಡಿರಬೇಕು. ಬಿದಿರು ಮುಳುಗುವುದಿಲ್ಲ, ದಡ ಮಾತ್ರ ಕಂಡದ್ದಕ್ಕಿಂತ ಯಾವಾಗಲೂ ದೂರ.

ಏರಿಯ ಮೇಲೆ ನಿಂತವರು ಹಾರಬಾರದು. ಒಬ್ಬನನ್ನು ಎಳೆಯಲು ಹೋಗಿ ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯ ಪತ್ರಿಕೆಯಲ್ಲೂ ಇರುತ್ತದೆ. ಸೀರೆ ಗಂಟು ಹಾಕಿ ಎಸೆಯಿರಿ, ಹಗ್ಗ ಎಸೆಯಿರಿ, ಗಳ ಚಾಚಿ, ಕ್ಯಾನು ತೇಲಿಬಿಡಿ. ಎಳೆದು ತಂದವನನ್ನು ಬೋರಲು ಮಲಗಿಸಿ ಹೊಟ್ಟೆ ಅಮುಕುವುದು, ತಲೆಕೆಳಗೆ ಮಾಡಿ ತಿರುಗಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅಷ್ಟು ಹೊತ್ತು ಅವನಿಗೆ ಉಸಿರಿರುವುದಿಲ್ಲ. ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ಒತ್ತಬೇಕು, ಮೂವತ್ತು ಸಲ ಒತ್ತಿ ಎರಡು ಸಲ ಉಸಿರು, ಮತ್ತೆ ಒತ್ತು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿ ಕೆರೆಯ ಹೆಸರಿನ ಜೊತೆಗೆ ಯಾವ ಊರಿನ ಕಡೆಯ ಏರಿ ಎಂಬುದನ್ನೂ ಹೇಳಬೇಕು. ಮೈಲಿಗಟ್ಟಲೆ ಉದ್ದದ ಏರಿಗೆ ಎರಡು ತುದಿಗಳಿರುತ್ತವೆ, ಆಂಬುಲೆನ್ಸಿನವನು ತಪ್ಪು ತುದಿಗೆ ಬಂದರೆ ತಿರುಗಿಸಿಕೊಂಡು ಬರಲು ಜಾಗವೂ ಇರುವುದಿಲ್ಲ.