ಗರಗಸದ ಹಲ್ಲಿಗೆ ತಕ್ಕ ಅರ

ಮುಂಗಾರಿಗೆ ಮೊದಲು ಬೆಂಗಳೂರಿನಲ್ಲಿ ಬೀಸುವ ಬಿರುಗಾಳಿಯ ಪರಿಚಯ ವಾಚಕರಿಗೆ ಇದ್ದೇ ಇದೆ. ಅಂಥ ಒಂದು ರಾತ್ರಿಯ ಮರುದಿನ ಆರ್. ಟಿ. ನಗರದ ಅಡ್ಡರಸ್ತೆಯೊಂದರಲ್ಲಿ, ಉರುಳಿದ ಗುಲ್‌ಮೊಹರ್ ಮರವನ್ನು ಸರಪಳಿ ಗರಗಸದಿಂದ ಕೊಯ್ಯುತ್ತಿದ್ದ ಕೆಲಸಗಾರರೊಬ್ಬರನ್ನು ನೋಡುತ್ತ ನಿಂತೆನು. ಯಂತ್ರವೇನೋ ಆರ್ಭಟಿಸುತ್ತಿದ್ದಿತು, ಆದರೆ ಉದುರುತ್ತಿದ್ದುದು ಚಕ್ಕೆಯಲ್ಲ, ಹಿಟ್ಟು. ಅವರು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದರು. ಇದು ಅಪಾಯದ ಕೆಲಸ. ಹಾಗೆ ಒತ್ತುವಾಗ ಅಲಗಿನ ಮೂತಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಗುಲಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದತ್ತ ಪುಟಿಯುವುದು. ನಡುವೆ ಯಂತ್ರ ನಿಲ್ಲಿಸಿ ಹಲ್ಲುಗಳನ್ನು ಶ್ರದ್ಧೆಯಿಂದಲೇ ಮಸೆದರು. ಮತ್ತೆ ಅದೇ ಹಿಟ್ಟು! ದೋಷವಿದ್ದುದು ಅರದಲ್ಲಿ.

ಈ ಗರಗಸದ ಹಲ್ಲು ಕೈಗರಗಸದ ಹಲ್ಲಿನಂತೆ ತ್ರಿಕೋನವಲ್ಲ. ಅದೊಂದು ಬಾಗಿದ ಪುಟ್ಟ ಉಳಿ. ಪಕ್ಕದ ತಗಡು ಮರದ ನಾರನ್ನು ಕೊಯ್ಯುತ್ತದೆ, ಮೇಲಿನ ತಗಡು ಚಕ್ಕೆಯನ್ನು ಎಬ್ಬಿಸುತ್ತದೆ. ಇದಕ್ಕೆ ಪ್ರೇರಣೆಯಾದುದು ಒಂದು ಹುಳು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವಾತನು, ಬೊಡ್ಡೆಯನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವಿನ ದವಡೆಗಳು ಎಡಕ್ಕೂ ಬಲಕ್ಕೂ ಕೊಯ್ಯುವ ಬಗೆಯನ್ನು ಗಮನಿಸಿ ಅದನ್ನು ಉಕ್ಕಿನಲ್ಲಿ ಅನುಕರಿಸಿದನು. ಮರುವರ್ಷವೇ ಆ ಸರಪಳಿ ಮಾರಾಟಕ್ಕೆ ಬಂದಿತು.

ಎರಡು ತಗಡುಗಳು ಕೂಡುವ ಒಳಮೂಲೆಯಲ್ಲಿ ದುಂಡು ಅರವನ್ನು ನೂಕಿದರೆ ಎರಡೂ ಅಂಚುಗಳು ಒಟ್ಟಿಗೆ ಹರಿತವಾಗುವುವು. ಹಲ್ಲಿನ ಒಳಮೈ ಅರದ ದುಂಡನ್ನೇ ತಾಳುವುದರಿಂದ, ಅಂಚಿನ ಕೋನವನ್ನು ನಿರ್ಧರಿಸುವುದು ಅರದ ವ್ಯಾಸವೇ. ವ್ಯಾಸದ ಐದನೆಯ ಒಂದು ಪಾಲು ಹಲ್ಲಿನ ನೆತ್ತಿಗಿಂತ ಮೇಲಿರಬೇಕೆಂಬುದು ಬಳಕೆಯ ನಿಯಮ. ಏಕೆ? ಕಾಗದದ ಮೇಲೆ ವೃತ್ತವೊಂದನ್ನು ಬರೆದು, ಕೇಂದ್ರಕ್ಕಿಂತ ತ್ರಿಜ್ಯದ 0.6ರಷ್ಟು ಮೇಲೆ ಅಡ್ಡಗೆರೆ ಎಳೆಯಿರಿ. ವೃತ್ತವೇ ಅರ, ಗೆರೆಯೇ ಹಲ್ಲಿನ ನೆತ್ತಿ. ಅವು ಸಂಧಿಸುವಲ್ಲಿ ವೃತ್ತಕ್ಕೆ ಎಳೆದ ಸ್ಪರ್ಶರೇಖೆ ಗೆರೆಯೊಡನೆ ಸುಮಾರು 53 ಡಿಗ್ರಿ ಕೋನ ಮಾಡುವುದು. ಪಾಠಶಾಲೆಯಲ್ಲಿ ಕಲಿತ 3, 4, 5 ಭುಜಗಳ ತ್ರಿಭುಜವೇ ಇಲ್ಲಿ ಅಡಗಿದೆ. ಹರಿತಕ್ಕೂ ಬಾಳಿಕೆಗೂ ಒಪ್ಪುವ ಕೋನವಿದು. ಈಗ, 4.8 ಮಿಲಿಮೀಟರ್ ಅರ ಹೀಗೆ ಹೊಂದುವ ಹಲ್ಲಿನಲ್ಲಿ, ಅದೇ ತಳದ ಮೇಲೆ 6 ಮಿ.ಮೀ. ಅರವನ್ನು ಇಟ್ಟೆವೆಂದು ಭಾವಿಸಿ ಲೆಕ್ಕ ಮಾಡಿರಿ. ಕೋನ 74 ಡಿಗ್ರಿಗೆ ಏರುವುದು. ಅಂಚು ಕಚ್ಚದೆ ಜಾರುವುದು. 4 ಮಿ.ಮೀ. ಅರವಾದರೆ 23 ಡಿಗ್ರಿಗೆ ಇಳಿದು ಅಂಚು ಕೊಕ್ಕೆಯಂತಾಗುವುದು. ಮೊದಲು ಬಲು ಚೂಪು, ಬೇಗನೆ ಮೊಂಡು.

ಅರವನ್ನು ಆರಿಸುವ ಮುನ್ನ ಸರಪಳಿಯ 'ಪಿಚ್' ತಿಳಿಯಬೇಕು. ಸಾಲಾಗಿರುವ ಮೂರು ರಿವೆಟ್ಟುಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿದರಾಯಿತು. 0.325 ಅಂಗುಲದ ಪಿಚ್‌ಗೆ ಸಾಮಾನ್ಯವಾಗಿ 4.8 ಮಿ.ಮೀ. ಅರ, 0.404 ಅಂಗುಲಕ್ಕೆ 5.5. ತೊಡಕಿರುವುದು 3/8 ಅಂಗುಲದಲ್ಲಿ. ಚಿಕ್ಕ ಯಂತ್ರಗಳ ಗಿಡ್ಡ ಹಲ್ಲಿಗೆ 4 ಮಿ.ಮೀ. ಬೇಕು, ಪೂರ್ಣ ಎತ್ತರದ ಹಲ್ಲಿಗೆ, ತಯಾರಕರನ್ನು ಅನುಸರಿಸಿ, 5.2 ಅಥವಾ 5.5. ಪಿಚ್ ಒಂದೇ ಆದುದರಿಂದ ಅಳತೆಪಟ್ಟಿ ಇವನ್ನು ಬೇರ್ಪಡಿಸಲಾರದು. ಕೊಂಡಿಯ ಮೇಲೆ ಒತ್ತಿರುವ ಗುರುತನ್ನು ತಯಾರಕರ ಪಟ್ಟಿಯಲ್ಲಿ ಹುಡುಕಬೇಕು.

ನಮ್ಮ ಕೆಲಸಗಾರರ ಸರಪಳಿಯಲ್ಲಿ ಮೂರು ರಿವೆಟ್ಟುಗಳ ಅಳತೆ 16.5 ಮಿ.ಮೀ. ಬಂದಿತು, ಎಂದರೆ 0.325 ಅಂಗುಲದ ಪಿಚ್. ಅವರ ಅರವೋ ತುದಿಗೆ ಸಣಕಲಾಗುವ ಸಾಮಾನ್ಯ ದುಂಡು ಅರ, ಬುಡದಲ್ಲಿ 6 ಮಿ.ಮೀ.ಗೂ ಮಿಗಿಲು. ನೂಕಿದಂತೆಲ್ಲ ವ್ಯಾಸ ಬದಲಾದರೆ ಕೋನ ನಿಲ್ಲುವುದೆಂತು? ಸರಪಳಿಗಾಗಿಯೇ ಮಾಡಿದ ಅರ ಉದ್ದಕ್ಕೂ ಒಂದೇ ದಪ್ಪವಿರುತ್ತದೆ. ಯಶವಂತಪುರದಲ್ಲಿ ಅಂಥದೊಂದನ್ನು ಕೊಂಡು ಕಾಲೇಜಿನ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆದೆನು. (4.8ಕ್ಕೂ 5.2ಕ್ಕೂ ಇರುವ ಭೇದವನ್ನು ಬರಿಗಣ್ಣು ನಂಬಿ ಕೊಳ್ಳಬಾರದು.)

ಮೂರು ದಿನಗಳ ಬಳಿಕ ಹೆಬ್ಬಾಳದ ಬಳಿ ಅವರು ಸಿಕ್ಕಿದರು. ಯಂತ್ರ ನಿಲ್ಲಿಸಿ, ಕೈಗವಸು ತೊಟ್ಟು, 30 ಡಿಗ್ರಿ ಓರೆಯಲ್ಲಿ ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ನೂಕುತ್ತ, ಹಿಂದಕ್ಕೆ ತರುವಾಗ ಅರವನ್ನು ಎತ್ತುತ್ತ ಮಸೆದರು. ಕೆಟ್ಟಿದ್ದ ಕೋನವನ್ನು ತಿದ್ದಲು ಒಂದೊಂದು ಹಲ್ಲಿಗೂ ಹತ್ತಾರು ನೂಕು ಬೇಕಾಯಿತು. ಆಮೇಲೆ ದಿಮ್ಮಿಯ ಮೇಲೆ ಗರಗಸವನ್ನು ಇಟ್ಟಾಗ ಅವರು ಒತ್ತಲಿಲ್ಲ. ಬೂಟುಗಳ ಮೇಲೆ ಚಕ್ಕೆ ರಾಶಿ ಬಿದ್ದಿತು. ಒಂದು ಹಲ್ಲು ಮಾತ್ರ ಯಾರೋ ಮರಕ್ಕೆ ಹೊಡೆದಿದ್ದ ಜಾಹೀರಾತಿನ ಮೊಳೆಗೆ ತಾಗಿ ಮೂಲೆ ಮುರಿದಿದ್ದಿತು. ಅದನ್ನು ಇನ್ನೊಂದು ಸಲಕ್ಕೆ ಬಿಟ್ಟರು.